ಫೋರ್ ಲೇನಿನಲ್ಲಿ ಶಾಲಾ ಬಸ್ ನಿಂತರೆ ಆಚೆ ಬದಿಯವರೂ ನಿಲ್ಲಬೇಕಾ? ನಿರೀಕ್ಷಕರಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ನಮಸ್ಕಾರ ಎಲ್ಲರಿಗೂ. ಎರಡು ದಿನದಿಂದ ಗ್ರೂಪಿನಲ್ಲಿ ಒಂದೇ ಮೆಸೇಜ್ ಹತ್ತು ಸಲ ಬಂದಿದೆ: "ಇಂದಿನಿಂದ ಹೊಸ ಕಾನೂನು. ಶಾಲಾ ಬಸ್ ನಿಂತರೆ ಎರಡೂ ಬದಿಯ ವಾಹನ ನಿಲ್ಲಲೇಬೇಕು. ನಡುವೆ ಡಿವೈಡರ್ ಇದ್ದರೂ ನಿಲ್ಲಬೇಕು. ತಪ್ಪಿದರೆ 10,000 ದಂಡ, ಲೈಸೆನ್ಸ್ ರದ್ದು. ಎಲ್ಲರಿಗೂ ಕಳಿಸಿ." ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರು ನಮ್ಮ ಗ್ರೂಪಿನಲ್ಲೇ ಇದ್ದಾರೆ, ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೋ ಬೇಡ.

ನಿರೀಕ್ಷಕರು: ಮೊದಲು ಆ ಮೆಸೇಜಿನ ಫೋಟೋ ದೊಡ್ಡದು ಮಾಡಿ ನೋಡಿ. ಬಸ್ಸಿನ ಸ್ಟೀರಿಂಗ್ ಎಡಕ್ಕಿದೆ, ಮಕ್ಕಳು ಇಳಿಯುವ ಬಾಗಿಲು ಬಲಕ್ಕಿದೆ. ಅದು ಅಮೆರಿಕದ ಬಸ್ಸು. ಅಲ್ಲಿ ಬಸ್ಸು ಹಳದಿ ದೀಪ ಮಿನುಗಿಸಿದರೆ ನಿಲ್ಲಲು ತಯಾರಾಗಬೇಕು. ಕೆಂಪು ದೀಪ ಮಿನುಗಿಸಿ ಪಕ್ಕದಿಂದ ಸ್ಟಾಪ್ ಬೋರ್ಡ್ ಚಾಚಿತು ಅಂದರೆ ಹಿಂದಿನವರೂ ನಿಲ್ಲಬೇಕು, ಎದುರಿನವರೂ ನಿಲ್ಲಬೇಕು. ನಡುವೆ ಡಿವೈಡರ್ ಇದ್ದರೆ ಎದುರು ಬದಿಯವರಿಗೆ ಹೆಚ್ಚಿನ ರಾಜ್ಯಗಳಲ್ಲಿ ವಿನಾಯಿತಿ ಇದೆ. ನ್ಯೂಯಾರ್ಕ್‌ನಲ್ಲಿ ಅದೂ ಇಲ್ಲ, ಡಿವೈಡರ್ ಇದ್ದರೂ ನಿಲ್ಲಬೇಕು. ಮೆಸೇಜ್ ಬರೆದವರು ಅದನ್ನೇ ಎತ್ತಿ ತಂದು ಇಲ್ಲಿಯದು ಅಂತ ಹಾಕಿದ್ದಾರೆ.

ನಮ್ಮಲ್ಲಿ ಶಾಲಾ ಬಸ್ ನಿಂತಿತು ಅನ್ನುವ ಒಂದೇ ಕಾರಣಕ್ಕೆ ಎರಡೂ ದಿಕ್ಕಿನವರು ನಿಲ್ಲಲೇಬೇಕು ಅನ್ನುವ ನಿಯಮ ಇಲ್ಲ. 10,000 ಅನ್ನುವುದು ಆಂಬುಲೆನ್ಸ್, ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದವರ ದಂಡ, ಮೋಟಾರು ವಾಹನ ಕಾಯ್ದೆಯ ಕಲಂ 194ಇ. ಅದನ್ನೂ ಇದನ್ನೂ ಕಲಸಿದ್ದಾರೆ.

ಹಾಗಂತ ಇಳಿಯುತ್ತಿರುವ ಮಕ್ಕಳ ಪಕ್ಕದಲ್ಲಿ ಎಂಬತ್ತರಲ್ಲಿ ಹೋಗಬಹುದು ಅಂತ ಅರ್ಥ ಅಲ್ಲ. ಆ ಜಾಗ, ಆ ಹೊತ್ತು, ಅಲ್ಲಿರುವ ಜನ ಇದನ್ನೆಲ್ಲ ನೋಡಿ ಅಪಾಯಕಾರಿ ಚಾಲನೆ ಅನ್ನಿಸಿದರೆ ಕಲಂ 184 ಬೀಳುತ್ತದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ಎರಡೂ.

ಹೊನ್ನಾವರ ಕಾರಿನವ: ಹಂಗಾರೆ ನಿಲ್ಲೋದು ಬೇಡ ಅಂತಾಯ್ತು. ಥ್ಯಾಂಕ್ಸ್ ಸರ್.

ನಿರೀಕ್ಷಕರು: ಕೊನೆಯ ಪ್ಯಾರಾ ಓದಿಲ್ಲ ನೀವು.

ಆವರ್ಸಾ ಪಾಲಕಿ: ಸರ್, ನನ್ನ ಮಗಳು ಮೂರನೇ ಕ್ಲಾಸು. ಶಾಲೆ ಅಂಕೋಲಾದಲ್ಲಿ. ಮನೆ ಹೈವೇಯ ಗುಡ್ಡೆ ಬದಿಗೆ. ಬೆಳಿಗ್ಗೆ ಬಸ್ಸು ಮನೆ ಎದುರಿಗೇ ಬರುತ್ತದೆ. ಸಂಜೆ ಕಡಲ ಬದಿಗೆ ಇಳಿಸಿ ಹೋಗುತ್ತಾರೆ. ಡಿವೈಡರಿನಲ್ಲಿ ಜನ ಮಾಡಿಕೊಂಡ ಸಂದಿ ಇದೆ, ಅದರಲ್ಲಿ ದಾಟುತ್ತಾಳೆ. ಬಸ್ಸಿನ ಆಯಾ ಬಾಗಿಲಲ್ಲೇ ನಿಂತು "ಹೋಗು ಹೋಗು" ಅನ್ನುತ್ತಾರೆ. ಬಸ್ಸಿನ ಎದುರಿಂದ ದಾಟಬೇಕಾ, ಹಿಂದಿನಿಂದಲಾ?

ನಿರೀಕ್ಷಕರು: ಎರಡೂ ಬೇಡ ತಂಗಿ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇರೆ ಪಾಲಕರೂ ಓದಲಿ.

ನಾವು ಎಡಕ್ಕೆ ಓಡಿಸುವವರು. ಕಾರವಾರದ ಕಡೆ ಹೋಗುವ ಬಸ್ಸು ಕಡಲ ಬದಿಯ ರಸ್ತೆಯಲ್ಲಿರುತ್ತದೆ, ಅಂಕೋಲಾ ಕಡೆ ಹೋಗುವುದು ಗುಡ್ಡೆ ಬದಿಯಲ್ಲಿ. ಹೋದ ದಾರಿಯಲ್ಲೇ ಬಸ್ಸು ವಾಪಸು ಬಂದರೆ ಫೋರ್ ಲೇನಿನ ಪಕ್ಕದ ಪ್ರತಿ ಮಗುವೂ ದಿನಕ್ಕೆ ಒಂದು ಸಲ ಹೈವೇ ದಾಟಲೇಬೇಕು, ಬೆಳಿಗ್ಗೆ ಇಲ್ಲ ಸಂಜೆ. ಬೆಳಿಗ್ಗೆ ಮನೆ ಬದಿಗೇ ಬಂತು ಅಂದರೆ ಸಂಜೆ ಆಚೆ ಬದಿಗೇ ಇಳಿಸುವುದು. ತಪ್ಪು ರೂಟ್ ಮಾಡಿದವರದ್ದು. ಹಳೆಯ ಎರಡು ಲೇನಿನ ರಸ್ತೆಗೆ ಮಾಡಿದ ಸ್ಟಾಪ್ ಪಟ್ಟಿಯನ್ನೇ ಇವತ್ತಿಗೂ ಇಟ್ಟುಕೊಂಡಿರುತ್ತಾರೆ.

ಈಗ ಲೆಕ್ಕ ನೋಡಿ. ಒಂದು ಬದಿಯಲ್ಲಿ ಮೂರೂವರೆ ಮೀಟರಿನ ಎರಡು ಲೇನು, ಅಂಚಿನ ಡಾಂಬರು ಒಂದೂವರೆ ಮೀಟರ್, ಸೇರಿ ಎಂಟೂವರೆ. ಮಗು ಸೆಕೆಂಡಿಗೆ 1.2 ಮೀಟರ್ ನಡೆದರೆ ಒಂದು ಬದಿ ದಾಟಲು ಏಳು ಸೆಕೆಂಡು. ಗಂಟೆಗೆ 80 ಕಿ.ಮೀ.ಯಲ್ಲಿ ಬರುವ ಕಾರು ಅಷ್ಟರಲ್ಲಿ 155 ಮೀಟರ್ ಬಂದಿರುತ್ತದೆ. ಅದೇ ವೇಗದಲ್ಲಿ ನೋಡಿ, ಬ್ರೇಕ್ ತುಳಿದು, ಪೂರ್ತಿ ನಿಲ್ಲಲು ರಸ್ತೆ ಎಂಜಿನಿಯರುಗಳು ಇಟ್ಟುಕೊಳ್ಳುವ ಅಂತರ 120 ಮೀಟರ್. ಅದರಲ್ಲಿ ಕಾಲು ಬ್ರೇಕಿಗೆ ಹೋಗುವ ಮೊದಲೇ 55 ಮೀಟರ್ ಕಳೆದಿರುತ್ತದೆ. ಮಳೆಗಾಲದಲ್ಲಿ, ಮೀನು ಲಾರಿಯ ನೀರು ಸುರಿದ ಜಾಗದಲ್ಲಿ, ಇನ್ನೂ ಹೆಚ್ಚು ಬೇಕು.

ಮಗು ನಿಂತ ಬಸ್ಸಿನ ಎದುರಿಂದ ಹೊರಟರೆ ಬಲ ಲೇನಿನಲ್ಲಿ ಬರುವವನಿಗೆ ಕಾಣುವುದು ಬಸ್ಸಿನ ಅಂಚು ದಾಟಿದ ಮೇಲೇ. ಆಗ ಅವನಿಗೂ ಮಗುವಿಗೂ ನಡುವೆ ಹತ್ತು ಮೀಟರೂ ಇರಲಿಕ್ಕಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ಬಸ್ಸಿನ ಎದುರಿಂದ ದಾಟಿಸುತ್ತಾರೆ, ಯಾಕಂದರೆ ಅಲ್ಲಿ ಹಿಂದಿನವರು ಕಾನೂನಿಗೆ ಹೆದರಿ ನಿಂತಿರುತ್ತಾರೆ. ಇಲ್ಲಿ ಹಾರ್ನ್ ಹೊಡೆದು ಬಲಗಡೆಯಿಂದ ನುಗ್ಗುತ್ತಾರೆ. ಆ ವಿಡಿಯೋ ನೋಡಿ ಮಕ್ಕಳಿಗೆ ಕಲಿಸಬೇಡಿ, ಕೈ ಮುಗಿಯುತ್ತೇನೆ.

ಡಿವೈಡರಿನ ಸಂದಿ ಇನ್ನೂ ಕೆಟ್ಟದ್ದು. ರಾತ್ರಿ ಎದುರಿನ ಲೈಟ್ ಕಣ್ಣಿಗೆ ಹೊಡೆಯಬಾರದು ಅಂತ ಅಲ್ಲಿ ಕಣಗಿಲೆ, ಬೋಗನ್‌ವಿಲ್ಲಾ ನೆಟ್ಟಿರುತ್ತಾರೆ. ಮೂರನೇ ಕ್ಲಾಸಿನ ಮಗು ಸುಮಾರು ಒಂದೂಕಾಲು ಮೀಟರ್ ಎತ್ತರ. ಗಿಡ ಅದಕ್ಕಿಂತ ಎತ್ತರ ಬೆಳೆದಿದ್ದರೆ ಎರಡನೇ ಬದಿಯ ಡ್ರೈವರಿಗೆ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಗು ಒಂದು ಬದಿ ದಾಟಿದ ಧೈರ್ಯದಲ್ಲಿ ಎರಡನೆಯದಕ್ಕೆ ಓಡುತ್ತದೆ.

ನೀವು ಮಾಡಬೇಕಾದ್ದು: ಶಾಲೆಗೆ ಬರಹದಲ್ಲಿ ಕೊಡಿ, ಫೋನಿನಲ್ಲಿ ಅಲ್ಲ. ಸಂಜೆಯ ಸ್ಟಾಪುಗಳನ್ನು ಕಡಲ ಬದಿ, ಗುಡ್ಡೆ ಬದಿ ಅಂತ ಎರಡು ಪಟ್ಟಿ ಮಾಡಲಿ. ಬಸ್ಸು ಹೋಗುವಾಗ ಕಡಲ ಬದಿಯವರನ್ನು ಮಾತ್ರ ಇಳಿಸಿ, ಮುಂದಿನ ಅಧಿಕೃತ ಯೂಟರ್ನಿನಲ್ಲಿ ಅಥವಾ ಅಂಡರ್‌ಪಾಸಿನಲ್ಲಿ ತಿರುಗಿ, ಬರುವಾಗ ಗುಡ್ಡೆ ಬದಿಯವರನ್ನು ಇಳಿಸಲಿ. ಮಗು ಮನೆಗೆ ಹತ್ತು ಹದಿನೈದು ನಿಮಿಷ ತಡ. ಅಷ್ಟೇ ನಷ್ಟ. ಸರ್ವಿಸ್ ರೋಡ್ ಇರುವ ಕಡೆ ಹೈವೇ ಮೇಲೆ ನಿಲ್ಲಿಸಲೇಬಾರದು.

ಅಲ್ಲಿಯವರೆಗೆ ಸಂಜೆ ನೀವೇ ಕಡಲ ಬದಿಗೆ ಬಂದು ನಿಲ್ಲಿ. ಮಗು ಇಳಿದ ಮೇಲೆ ರಸ್ತೆಯಿಂದ ಈಚೆ ಮಣ್ಣಿನ ಮೇಲೆ ನಿಲ್ಲಿಸಿಕೊಳ್ಳಿ. ಬಸ್ಸು ಪೂರ್ತಿ ಹೊರಟು ಹೋಗಲಿ, ಹಿಂದೆ ಬರುವುದೆಲ್ಲ ಕಣ್ಣಿಗೆ ಬೀಳಲಿ, ಆಮೇಲೆ ಕೈ ಹಿಡಿದು ದಾಟಿ. ಕೈ ಅಂದರೆ ಬೆರಳಲ್ಲ, ಮಣಿಕಟ್ಟು.

ಆವರ್ಸಾ ಪಾಲಕಿ: ಆಯ್ತು ಸರ್. ನಾಳೆಯೇ ಬರೆದು ಕೊಡುತ್ತೇನೆ.

ಭಟ್ಕಳ ಸದಸ್ಯ: ಸರ್ ಬಸ್ ನಿಂತಾಗ ಎದುರು ಬದಿಯವರು ನಿಲ್ಲದಿದ್ದರೆ ದಂಡ ಎಷ್ಟು?

ನಿರೀಕ್ಷಕರು: ಮೇಲಿದೆ.

ಅಂಕೋಲಾ ಬಸ್ ಡ್ರೈವರ್: ಸರ್, ಹೇಳಿದ್ದು ಸರಿ. ಆದರೆ ಯೂಟರ್ನ್ ದೂರ ಇರುತ್ತದೆ. ಹೋಗಿ ಬರುವುದರ ಡೀಸೆಲ್ ಯಾರು ಕೊಡುವುದು? ನಾವು ನಾಲ್ಕೂ ಇಂಡಿಕೇಟರ್ ಹಾಕಿ ನಿಲ್ಲಿಸಿದರೂ ಕಾರಿನವರು ಹಾರ್ನ್ ಹೊಡೆಯುವುದು ಬಿಡುವುದಿಲ್ಲ.

ಹೊನ್ನಾವರ ಕಾರಿನವ: ಲೇನ್ ನಡುವೆ ನಿಲ್ಲಿಸಿದರೆ ಹಾರ್ನ್ ಹೊಡೆಯದೆ ಮಂಗಳಾರತಿ ಎತ್ತಬೇಕಾ? ಎಡಕ್ಕೆ ತೆಗೆದುಕೊಳ್ಳಲು ಎಂತ ಆಗ್ತದೆ ನಿಮಗೆ?

ಅಂಕೋಲಾ ಬಸ್ ಡ್ರೈವರ್: ಎಡಕ್ಕೆ ತೆಗೆದುಕೊಂಡರೆ ಅಲ್ಲಿ ಪಾಲಕರ ಸ್ಕೂಟಿ ಸಾಲಾಗಿ ನಿಂತಿರುತ್ತದೆ, ಅದೂ ಅರ್ಧದಷ್ಟು ಉಲ್ಟಾ ದಿಕ್ಕಿನಲ್ಲಿ ಬಂದದ್ದು. ಅವರ ಮೇಲೆ ಹತ್ತಿಸಲಾ?

ಕುಮಟಾ ಅಕ್ಕೋರು: ಜಗಳ ಬೇಡ. ಸರ್, ನಮ್ಮ ಶಾಲೆಯ ಬಸ್ಸಿನ ಆಯಾ ಕೈಯಲ್ಲಿ ಕೆಂಪು "ನಿಲ್ಲಿ" ಬೋರ್ಡ್ ಕೊಡಬಹುದಾ? ಅವರು ಇಳಿಯುವ ಕ್ರಮ ಹೇಗಿರಬೇಕು?

ನಿರೀಕ್ಷಕರು: ಅಕ್ಕೋರೆ, ಕೊಡಬಹುದು. ಆದರೆ ಅವರ ಕೈಯಲ್ಲಿ ಅದು ವಿನಂತಿ, ಆಜ್ಞೆ ಅಲ್ಲ. ಬೋರ್ಡ್ ತೋರಿಸಿದೆ, ಇನ್ನು ಎಲ್ಲರೂ ನಿಲ್ಲುತ್ತಾರೆ ಅಂತ ನಂಬಿ ಮಕ್ಕಳನ್ನು ರಸ್ತೆಗೆ ಬಿಡುವಂತಿಲ್ಲ.

ಬಸ್ಸು ಪೂರ್ತಿ ನಿಲ್ಲಬೇಕು, ಹ್ಯಾಂಡ್‌ಬ್ರೇಕ್ ಎಳೆದು ಗೇರ್ ನ್ಯೂಟ್ರಲ್ಲಿಗೆ ಬರಬೇಕು. ಆಮೇಲೆ ಬಾಗಿಲು. ಮೊದಲು ಆಯಾ ಇಳಿದು ಎಡಗಡೆ ಸಂದಿಯಲ್ಲಿ ಬೈಕ್ ನುಗ್ಗುತ್ತಿದೆಯಾ ನೋಡಬೇಕು. ಎಡದಿಂದ ತೂರುವ ಬೈಕಿಗೆ ಸಿಗುವುದು ಮೆಟ್ಟಿಲ ಮೇಲಿನ ಮಗು. ಇಳಿದವರನ್ನು ಎಣಿಸಿ ಬಸ್ಸಿನಿಂದ ಮೂರು ಮೀಟರ್ ದೂರ ನಿಲ್ಲಿಸಬೇಕು, ಚಿಕ್ಕವರಿಗೆ "ಐದು ದೊಡ್ಡ ಹೆಜ್ಜೆ" ಅಂತ ಕಲಿಸಿ. ಬಂಪರಿಗೆ ತಾಗಿ ನಿಂತ ಮಗು ಡ್ರೈವರ್ ಸೀಟಿನಿಂದ ಕಾಣುವುದಿಲ್ಲ, ಮುಂದಿನ ಉಬ್ಬು ಕನ್ನಡಿ ಬಾಗಿದ್ದರೆ ಅದರಲ್ಲೂ ಕಾಣುವುದಿಲ್ಲ. ನೀರಿನ ಬಾಟಲಿ ಉರುಳಿ ಬಸ್ಸಿನಡಿಗೆ ಹೋದರೆ ಮಗು ಬಗ್ಗಬಾರದು, ಆಯಾಗೆ ಹೇಳಬೇಕು. ಇದನ್ನು ವಾರಕ್ಕೊಮ್ಮೆ ಹೇಳಿಸಿ, ಮರೆಯುತ್ತವೆ. ರೇನ್‌ಕೋಟಿನ ಟೊಪ್ಪಿ ಹಾಕಿದ ಮಗುವಿಗೆ ಪಕ್ಕದ್ದು ಕಾಣುವುದಿಲ್ಲ. ದಾಟುವಾಗ ಟೊಪ್ಪಿ ಹಿಂದಕ್ಕೆ. ತಲೆ ಒದ್ದೆಯಾದರೆ ಆಗಲಿ.

ಡ್ರೈವರ್ ಅಣ್ಣ, ನಿಲ್ಲಿಸುವ ಐವತ್ತು ಮೀಟರ್ ಮೊದಲೇ ಎಡ ಇಂಡಿಕೇಟರ್, ನಿಂತ ಮೇಲೆ ನಾಲ್ಕೂ. ಓಡುವಾಗಲೇ ನಾಲ್ಕೂ ಹಾಕಿದರೆ ಹಿಂದಿನವನಿಗೆ ನೀವು ಎಡಕ್ಕೆ ಬರುತ್ತೀರೋ ನೇರ ಹೋಗುತ್ತೀರೋ ಗೊತ್ತಾಗುವುದಿಲ್ಲ. ಉಲ್ಟಾ ಬರುವ ಸ್ಕೂಟಿಯವರಿಗೂ ಅದೇ ಕಲಂ 184. 2019ರ ತಿದ್ದುಪಡಿಯಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ.

ಶಿರಸಿ ಸದಸ್ಯ: ನಮ್ಮ ದೇವಿಮನೆ ಘಾಟಿನಲ್ಲಿ ಡಿವೈಡರ್ ಎಲ್ಲಿಂದ ಬರಬೇಕು! ಅಲ್ಲಿ ಎಂತ ಮಾಡುದು?

ನಿರೀಕ್ಷಕರು: ತಿರುವಿನಲ್ಲಿ ನಿಂತ ಬಸ್ಸನ್ನು ದಾಟಿ ಮುಂದೆ ಹೋಗಬೇಡಿ. ಹಿಂದೆ ನಿಲ್ಲಿ. ಎದುರಿನಿಂದ ಬಂದರೆ ನಡಿಗೆಯ ವೇಗಕ್ಕೆ ಇಳಿಸಿ. ಬಸ್ಸಿನವರು ತಿರುವಿನಲ್ಲಿ ನಿಲ್ಲಿಸುವುದೇ ತಪ್ಪು, ಕಲಂ 122.

ಕೋಡಿಬಾಗ ಸದಸ್ಯ: ಕಾಳಿ ಸೇತುವೆ ಹತ್ತಿರ? ನಡುವೆ ಕೋನ್ ಇಟ್ಟಿದ್ದರೆ ಅದನ್ನು ಡಿವೈಡರ್ ಅಂತ ತಿಳಿಯಬೇಕಾ?

ನಿರೀಕ್ಷಕರು: ಒಳ್ಳೆ ಪ್ರಶ್ನೆ. ಕೋನ್, ಬ್ಯಾರಿಕೇಡ್, ಬಣ್ಣದ ಗೆರೆ ಯಾವುದೂ ಡಿವೈಡರ್ ಅಲ್ಲ. 2024ರ ಆಗಸ್ಟ್ 7ರಂದು ಹಳೆ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನವರನ್ನು ಹೊಸ ಸೇತುವೆಯ ಮೇಲೆ ಬಿಟ್ಟರಲ್ಲ, ಹಾಗೆ ಬಿಟ್ಟ ಕಡೆ ಅದು ಎದುರುಬದುರಿನ ರಸ್ತೆ. ಗುಡ್ಡ ಕುಸಿದು ಒಂದು ಬದಿ ಮುಚ್ಚಿದಾಗಲೂ ಹಾಗೇ. ಡಿವೈಡರ್ ಇರುವ ಫೋರ್ ಲೇನಿನಲ್ಲಿ ಕಾರಿಗೆ ಗರಿಷ್ಠ 100, ಬೇರೆ ರಸ್ತೆಯಲ್ಲಿ 70. ಬೋರ್ಡಿನಲ್ಲಿ ಕಡಿಮೆ ಬರೆದಿದ್ದರೆ ಬೋರ್ಡಿನದ್ದೇ ಲೆಕ್ಕ. ತಾಪತ್ರಯ ಇರುವುದು ರೂಢಿಯಲ್ಲಿ: ದಿನಾ ಒಮ್ಮುಖ ರಸ್ತೆ ಅಂತ ಬಲಗಡೆ ಮಾತ್ರ ನೋಡಿ ದಾಟುವ ಮಗು ಅವತ್ತೂ ಬಲಗಡೆಯೇ ನೋಡುತ್ತದೆ, ಎಡದಿಂದಲೂ ಬಂದಿರುತ್ತದೆ. ಒಂದು ಬದಿ ಮುಚ್ಚಿದ ದಿನ ಮಕ್ಕಳಿಗೆ ಬೆಳಿಗ್ಗೆಯೇ ಹೇಳಿ ಕಳಿಸಿ.

ಕುಮಟಾ ಆಟೋ ಪಾಲಕ: ಸರ್ ಆಟೋದಲ್ಲಿ ಎಷ್ಟು ಮಕ್ಕಳು ಹೋಗಬಹುದು?

ಹೊನ್ನಾವರ ಕಾರಿನವ: ಶಾಲಾ ಬಸ್ಸಿಗೆ ಸ್ಪೀಡ್ ಎಷ್ಟು? ಮೊನ್ನೆ ನನ್ನನ್ನೇ ಓವರ್‌ಟೇಕ್ ಮಾಡಿ ಹೋಯಿತು.

ಅಂಕೋಲಾ ಬಸ್ ಡ್ರೈವರ್: ಅರವತ್ತು. ವೇಗ ಮೀರದಂತೆ ತಡೆಯುವ ಗವರ್ನರ್ ಇದೆ.

ನಿರೀಕ್ಷಕರು: ಕೇಂದ್ರ ಮೋಟಾರು ವಾಹನ ನಿಯಮ 118ರಲ್ಲಿ ಶಾಲಾ ಬಸ್ಸಿನ ಗವರ್ನರ್ ಮಿತಿ 60. 1997ರಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸಿಗೆ ಹಾಕಿದ ಷರತ್ತಿನಲ್ಲಿ 40. ಮಕ್ಕಳು ಒಳಗಿದ್ದಾಗ 40 ಅಂತಲೇ ಓಡಿಸಿ, ವಾದ ಬೇಡ. ಅದೇ ಷರತ್ತಿನಲ್ಲಿ ಡ್ರೈವರಿಗೆ ಐದು ವರ್ಷ ಭಾರಿ ವಾಹನದ ಅನುಭವ ಇರಬೇಕು, ಓವರ್‌ಸ್ಪೀಡ್ ಕೇಸು ಒಂದೂ ಇರಬಾರದು ಅಂತಲೂ ಇದೆ.

ಅಂಕೋಲಾ ಬಸ್ ಡ್ರೈವರ್: 40ರಲ್ಲಿ ಹೋದರೆ ಹಿಂದಿನ ಟಿಪ್ಪರ್ ನಮ್ಮನ್ನೇ ಎತ್ತಿಕೊಂಡು ಹೋಗುತ್ತದೆ ಸರ್.

ನಿರೀಕ್ಷಕರು: ಎಡ ಲೇನಿನಲ್ಲಿ ಹೋಗಿ. ಟಿಪ್ಪರಿಗೆ ಬಲ ಲೇನ್ ಇದೆ.

ಬೇಲೆಕೇರಿ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು, ಉಪಯುಕ್ತ ಮಾಹಿತಿ: "ಬಸ್ಸಿನ ಎದುರಿಗೂ ಹಿಂದೆಗೂ ಕೆಂಪು ಎಲ್‌ಇಡಿ ಪಟ್ಟಿ ಹಾಕಿಸಿ. ಮಕ್ಕಳು ದಾಟುವಾಗ ಇಬ್ಬರು ದೊಡ್ಡವರು ರಸ್ತೆಗೆ ಅಡ್ಡ ಹಗ್ಗ ಹಿಡಿಯಿರಿ. ಊರವರೇ ಸೇರಿ ಸಣ್ಣ ಹಂಪ್ ಹಾಕಿ. 100% ಅಪಘಾತ ತಪ್ಪುತ್ತದೆ."

ನಿರೀಕ್ಷಕರು: ಇದನ್ನು ಬರೆದವನು ಹೈವೇ ಪಕ್ಕ ಒಂದು ಸಂಜೆ ನಿಂತವನಲ್ಲ. ಎದುರಿಗೆ ಕೆಂಪು ದೀಪ ನಿಯಮ 108ರ ಪ್ರಕಾರ ನಿಷಿದ್ಧ. ಕತ್ತಲಲ್ಲಿ ಕೆಂಪು ಕಂಡರೆ ಅದು ವಾಹನದ ಹಿಂಭಾಗ ಅಂತಲೇ ಎಲ್ಲರೂ ತಿಳಿಯುವುದು, ನೀವು ಎದುರಿಗೆ ಬರುತ್ತಿದ್ದೀರಿ ಅಂತ ಗೊತ್ತಾಗುವುದೇ ಇಲ್ಲ. ಪ್ರತಿಫಲನದ ಪಟ್ಟಿ ಎದುರಿಗೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು, ಅದನ್ನು ಸರಿಯಾಗಿ ಅಂಟಿಸಿದರೆ ಸಾಕು. ಹಗ್ಗ ಬೈಕಿನವನ ಕುತ್ತಿಗೆಗೆ ಬೀಳುತ್ತದೆ, ಹಿಡಿದವರ ಕೈ ಹೋಗುತ್ತದೆ. ಹಂಪ್ ಯಾರೂ ಸ್ವಂತಕ್ಕೆ ಹಾಕುವಂತಿಲ್ಲ. ಎಚ್ಚರಿಕೆ ಫಲಕ, ಬಣ್ಣ ಇಲ್ಲದ ಹಂಪಿಗೆ ಮೊದಲು ಬೀಳುವವರು ನಿಮ್ಮೂರಿನ ಬೈಕಿನವರೇ. ಡಿವೈಡರಿನ ಗಿಡ ಕತ್ತರಿಸಲು, ಸಂದಿ ಮುಚ್ಚಲು, ಜೀಬ್ರಾ ಗೆರೆ ಕೇಳಲು ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಬೇಲೆಕೇರಿ ಸದಸ್ಯ: ಒಳ್ಳೆಯದಾಗಲಿ ಅಂತ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಶಿರಸಿ ಸದಸ್ಯ: ಓದಿ ಹಾಕಿ ಮಾರಾಯ್ರೆ, ಅಷ್ಟೇ.

ಬೇಲೆಕೇರಿ ಸದಸ್ಯ: ಘಟ್ಟದ ಮೇಲಿನವರಿಗೆ ಫೋರ್ ಲೇನ್ ವಿಷಯ ಎಂತಕ್ಕೆ?

ಶಿರಸಿ ಸದಸ್ಯ: ನಾವೂ ಗೋಕರ್ಣಕ್ಕೆ ಅದೇ ರಸ್ತೆಯಲ್ಲಿ ಬರುದು.

ಹೊನ್ನಾವರ ಕಾರಿನವ: ಜೀಬ್ರಾ ಗೆರೆ ಇದ್ದರೆ ಮಾತ್ರ ನಿಲ್ಲಬೇಕಲ್ಲ ಸರ್? ಇಲ್ಲದ ಕಡೆ ಮಕ್ಕಳು ದಾಟಿದರೆ ತಪ್ಪು ಅವರದ್ದು.

ನಿರೀಕ್ಷಕರು: ಸಿಗ್ನಲ್ ಇಲ್ಲದ ಜೀಬ್ರಾದಲ್ಲಿ ನಡೆಯುವವರಿಗೆ ನೀವು ನಿಂತು ದಾರಿ ಬಿಡಲೇಬೇಕು. ಜೀಬ್ರಾ ಇಲ್ಲದ ಕಡೆ ಏಳು ವರ್ಷದ ಮಗುವಿಗೆ ಗುದ್ದಿ "ತಪ್ಪು ಅವರದ್ದು" ಅಂತ ಹೇಳಿ ನೋಡಿ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆ ಕಲಂ 281, ಜೀವ ಹೋದರೆ 106, ಐದು ವರ್ಷದವರೆಗೆ ಜೈಲು. ಹಳದಿ ಬಸ್ಸು ನಿಂತಿತ್ತು, ಮಕ್ಕಳು ಇಳಿಯುವುದು ಗೊತ್ತಿತ್ತು, ಆದರೂ ವೇಗ ಇಳಿಸಲಿಲ್ಲ ಅನ್ನುವುದೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಎದುರು ಬದಿಯಲ್ಲಿದ್ದರೂ ಡಿವೈಡರಿನ ಸಂದಿ ಕಂಡರೆ ಕಾಲು ಬ್ರೇಕಿನ ಮೇಲಿರಲಿ.

ಭಟ್ಕಳ ಸದಸ್ಯ: ಹಾಗಾದರೆ ದಂಡ ಎಷ್ಟು ಅಂತ ಸರಿಯಾಗಿ ಹೇಳಿ ಸರ್.

ಅಡ್ಮಿನ್: ಮೇಲೆ ಎರಡನೇ ಮೆಸೇಜ್ ಓದಿ ಅಣ್ಣಾ.

ಆವರ್ಸಾ ಪಾಲಕಿ: ಸರ್, ಶಾಲೆಯವರ ಹತ್ತಿರ ಈಗಲೇ ಮಾತಾಡಿದೆ. ಯೂಟರ್ನಿಗೆ ಒಪ್ಪಿದರೂ ತಿಂಗಳ ಬಸ್ ಫೀ ಹೆಚ್ಚಾಗುತ್ತದೆ ಅಂದರು.

ನಿರೀಕ್ಷಕರು: ಹೋಗಿ ಬರಲು ಎಷ್ಟು ಕಿಲೋಮೀಟರ್ ಹೆಚ್ಚು ಅಂತ ಮೀಟರ್ ನೋಡಿ ಬರೆಸಿಕೊಳ್ಳಿ. ನಾಲ್ಕು ಕಿ.ಮೀ. ಅಂತ ಇಟ್ಟುಕೊಂಡರೂ, ಲೀಟರಿಗೆ ಐದು ಕಿ.ಮೀ. ಕೊಡುವ ಬಸ್ಸಿಗೆ ದಿನಕ್ಕೆ ಒಂದು ಲೀಟರ್ ಡೀಸೆಲ್ಲೂ ಬೇಡ. ಅದನ್ನು ಬಸ್ಸಿನಲ್ಲಿರುವ ಮಕ್ಕಳಿಗೆಲ್ಲ ಭಾಗಿಸಿ, ಆಮೇಲೆ ಫೀ ಮಾತಾಡಿ.

ಅಂಕೋಲಾ ಬಸ್ ಡ್ರೈವರ್: ಡೀಸೆಲ್ ಲೆಕ್ಕ ಅಷ್ಟೇ, ಹೌದು. ನಮ್ಮ ಓವರ್‌ಟೈಮ್ ಯಾರೂ ಲೆಕ್ಕ ಹಾಕುವುದಿಲ್ಲ.

ಕುಮಟಾ ಆಟೋ ಪಾಲಕ: ಸರ್, ಆಟೋ ವಿಷಯ ಕೇಳಿದ್ದೆ.