ಸಹಾಯ ಬೇಕು: ಅಮ್ಮನ ಏದುಸಿರಿಗೆ ಮಾರ್ಫಿನ್ ಪ್ರಯೋಗ, ಸೇರಿಸಬಹುದಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಸಿಒಪಿಡಿ, ಅಂದರೆ ಉಸಿರಾಟದ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಸೌದೆ ಒಲೆಯ ಹೊಗೆ ಕುಡಿದದ್ದೇ ಜಾಸ್ತಿ. ಕೂತಿದ್ದರೆ ಆರಾಮು. ಬಚ್ಚಲಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಬಾಗಿಲು ಹಿಡಿದು, ತುಟಿ ಚೂಪು ಮಾಡಿ ಉಸಿರು ಬಿಡುತ್ತಾರೆ. ಇನ್ಹೇಲರ್ ತಪ್ಪಿಸಿಲ್ಲ.

ಈಗ ಒಂದು ಆಸ್ಪತ್ರೆಯವರು ಕಡಿಮೆ ಡೋಸ್ ಮಾರ್ಫಿನ್ (ಅಫೀಮು ಮೂಲದ ಬಲವಾದ ನೋವಿನ ಔಷಧಿ) ಪ್ರಯೋಗಕ್ಕೆ ಸೇರಿಸಿ ಅಂತಿದ್ದಾರೆ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ದಿನಕ್ಕೆ 8 ಅಥವಾ 16 ಮಿಲಿಗ್ರಾಂ ಕೊಟ್ಟರೂ, ಒಂದು ವಾರದಲ್ಲಿ ಏದುಸಿರು ಡಮ್ಮಿ ಮಾತ್ರೆಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಮಲಬದ್ಧತೆ, ತೂಕಡಿಕೆಯ ಭಯ ಬೇರೆ. ಅದಕ್ಕೇ ಅಳುಕು.

ನಿಮ್ಮ ಮನೆಯವರು ಯಾರಾದರೂ ಇಂಥದ್ದಕ್ಕೆ ಸೇರಿದ್ದರಾ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಏನೇನು ಕೇಳಬೇಕು? ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ. ಕಷಾಯದ ಸಲಹೆ ಮಾತ್ರ ಬೇಡ, ಪ್ಲೀಸ್!