ನಕ್ಷೆಯಲ್ಲಿ ಹಸಿರು, ಹೊಲದಲ್ಲಿ ಕೊರಕಲು: ಮಣ್ಣು ಸಂರಕ್ಷಣೆ ಪ್ರಶ್ನೋತ್ತರ

ಅಡ್ಮಿನ್: ತುಂಗಭದ್ರಾ ಜಲಾನಯನದ ಮಣ್ಣು ಸವಕಳಿ ಬಗ್ಗೆ ಇವತ್ತು ಈ ಗ್ರೂಪಲ್ಲಿ ಎಂಜಿನಿಯರ್ ಮೇಡಂ ಉತ್ತರಿಸ್ತಾರೆ. ವಿಷಯ ಬಿಟ್ಟು ಹೋಗಬೇಡಿ.

ಹಾವೇರಿ: ಮೇಡಂ, ಬದುವಿಗೆ ಹಾಕೋಕೆ ಲಾವಂಚ ಎಲ್ಲಿ ಸಿಗುತ್ತೆ?

ಮೇಡಂ: ನರ್ಸರಿಯಲ್ಲಿ ಕೇಳಿ. ಬುಡ ಸೀಳಿ ನೆಡಿ, ಒತ್ತೊತ್ತಾಗಿ.

ತೀರ್ಥಹಳ್ಳಿ: ಅಡಕೆ ತೋಟದ ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ತೋಡಿದ್ರೆ ಗುಡ್ಡ ಜರಿಯುತ್ತಾ?

ಮುಂಡರಗಿ: ನಮಸ್ಕಾರ್ರಿ ಮೇಡಂ. ನಮ್ದು ಎರಿ ಹೊಲ, ಕಪ್ಪು ಮಣ್ಣು. ಸವಕಳಿ ನಕ್ಷೆದಾಗ ಹಸಿರು ಬಣ್ಣ ಐತಿ, ಅಪಾಯ ಕಡಿಮಿ ಅಂತ. ಆದ್ರ ಕೆಳಗಿನ ಒಡ್ಡು ಎರಡು ಸಲ ಒಡದೈತಿ, ಕೊರಕಲು ಮ್ಯಾಲ ಏರಾಕತ್ತೈತಿ. ಫೋಟೋ ಹಾಕೀನಿ.

ಮೇಡಂ: ಮುಂಗಾರಲ್ಲಿ ಹೊಲ ಖಾಲಿ ಬಿಡ್ತೀರಾ?

ಮುಂಡರಗಿ: ಹೌದ್ರಿ. ಹಿಂಗಾರಿಗೆ ಬಿಳಿಜೋಳ, ಕಡ್ಲಿ.

ಮೇಡಂ: ಒಡ್ಡಿನ ಕೆಳಬದಿಯಲ್ಲಿ ಮುಷ್ಟಿ ಹೋಗುವಷ್ಟು ತೂತು ಕಾಣ್ತಿದೆ. ನನಗೆ ಚಿಂತೆ ಅದರದ್ದೇ. ಬೇಸಿಗೆಯಲ್ಲಿ ಎರೆಮಣ್ಣಿನ ಜತೆ ಒಡ್ಡೂ ಬಿರಿಯುತ್ತೆ. ದೊಡ್ಡ ಮಳೆಗೆ ಒಡ್ಡಿನ ಹಿಂದೆ ನಿಂತ ನೀರು ಆ ಬಿರುಕಲ್ಲಿ ನುಗ್ಗಿ ಒಳಗೊಳಗೇ ಸುರಂಗ ಕೊರೆಯುತ್ತೆ. ಇಳುಕಲಿಲ್ಲದ ಮಟ್ಟಸ ಒಡ್ಡು ಮಸಾರಿಗೆ, ಅಂದ್ರೆ ಕೆಂಪು ಮಣ್ಣಿಗೆ ಸರಿ, ಆಳದ ಎರೆಗೆ ಆಗಿಬರಲ್ಲ. 100 ಮೀಟರಿಗೆ 20-30 ಸೆಂ.ಮೀ. ಇಳುಕಲು ಕೊಟ್ಟು, ತುದಿಯಲ್ಲಿ ಹುಲ್ಲು ಬೆಳೆಸಿದ ಕಾಲುವೆಗೆ ನೀರು ಬಿಡಿ.

ಇನ್ನು ನಕ್ಷೆ. ಮಳೆ, ಮಣ್ಣು, ಇಳಿಜಾರು, ಬೆಳೆಯ ಹೊದಿಕೆ, ಒಡ್ಡು-ಬದು ಐದನ್ನೂ ಗುಣಿಸಿ ಹೆಕ್ಟೇರಿಗೆ ವರ್ಷಕ್ಕೆ ಇಷ್ಟು ಟನ್ ಅಂತ ತೆಗೆಯೋ ಲೆಕ್ಕ ಅದು. ಪದರಪದರವಾಗಿ ಕೊಚ್ಚೋ ಮಣ್ಣು, ಸಣ್ಣ ಗೀರು ಅದರಲ್ಲಿ ಬರುತ್ತೆ, ಕೊರಕಲು ಬರೋದೇ ಇಲ್ಲ. ಮೇಲಾಗಿ, ಮೋಡವಿಲ್ಲದ ಉಪಗ್ರಹ ಚಿತ್ರ ಸುಲಭಕ್ಕೆ ಸಿಗೋದು ಮಳೆಗಾಲ ಮುಗಿದ ಮೇಲೆ, ನಿಮ್ಮ ಜೋಳ ಹಸಿರಾಗಿದ್ದಾಗ. ಹೊದಿಕೆ ಲೆಕ್ಕ ಆ ಚಿತ್ರದಿಂದ ಹಾಕಿದ್ರೆ ಹಸಿರೇ ಬರುತ್ತೆ. ಸೆಪ್ಟೆಂಬರ್ ಮಳೆ ಬೀಳೋದು ಬರಿ ಮಣ್ಣಿನ ಮೇಲೆ.

ರಾಣೆಬೆನ್ನೂರು: ಫಾರ್ವರ್ಡ್: ಕೊರಕಲಿಗೆ ಹಳೇ ಟೈರ್ ತುಂಬಿ, ಕಲ್ಲುಪ್ಪು ಸುರಿದರೆ ಮಣ್ಣು ಕಲ್ಲಾಗುತ್ತದೆ 🙏

ಮೇಡಂ: ದಯವಿಟ್ಟು ಯಾರೂ ಮಾಡಬೇಡಿ. ಉಪ್ಪಿನ ಸೋಡಿಯಂ ಜೇಡಿಕಣಗಳನ್ನು ಬಿಡಿಸುತ್ತೆ, ಮಣ್ಣು ಇನ್ನೂ ಬೇಗ ಕೊಚ್ಚಿ ಹೋಗುತ್ತೆ. ಟೈರಿನ ಪಕ್ಕದಿಂದ ನೀರು ಹೊಸ ದಾರಿ ಮಾಡ್ಕೊಳ್ಳುತ್ತೆ.

ರಾಣೆಬೆನ್ನೂರು: ಬಂದಿದ್ದನ್ನ ಹಾಕಿದೆ ಅಷ್ಟೇ.

ಮೇಡಂ: ಓದಿ ಹಾಕಿ.

ಗಂಗಾವತಿ: ಮೇಲಿನವರ ಮಣ್ಣೇ ನಮ್ಮ ತುಂಗಭದ್ರಾ ಡ್ಯಾಮ್ ನುಂಗಿದ್ದು. 133 ಟಿಎಂಸಿ ಇದ್ದಿದ್ದು 2016ರ ಸರ್ವೆಯಲ್ಲಿ 105 ಚಿಲ್ಲರೆ.

ಹಾವೇರಿ: ರೈತರ ಮೇಲೇ ಹಾಕಿ. ಗಣಿ, ಕಡಿದ ಕಾಡು ಕಾಣಲ್ವಾ?

ಗಂಗಾವತಿ: ಹಾಗಾದ್ರೆ ಹೂಳಿಂದ ಕಳಕೊಂಡ ನೀರು ಹಿಡಿಯೋಕೆ ನವಲಿ ಜಲಾಶಯ ಕಟ್ಟಲಿ, ನಿಮ್ಮ ಹೂಳು ನೀವೇ ಇಟ್ಕೊಳ್ಳಿ.

ಹಾವೇರಿ: ಎರಡು ಬೆಳೆ ಭತ್ತ ಬೆಳೆಯೋರು ಮಾತಾಡ್ತಿದ್ದಾರೆ!

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಶಿಗ್ಗಾವಿ: ಮೇಡಂ ಲಾವಂಚ ಎಲ್ಲಿ ಸಿಗುತ್ತೆ?

ಮೇಡಂ: ಮೇಲೆ ನೋಡಿ.

ಮುಂಡರಗಿ: ಮೇಡಂ, ಕೆಳಗಿನ ಹೊಲದವ್ರು ನಮ್ಮ ಕಡೆ ನೀರು ಬಿಡಬ್ಯಾಡ ಅಂತಾರ್ರಿ.

ಮೇಡಂ: ಹಳ್ಳ ಎಷ್ಟು ದೂರ?

ಮುಂಡರಗಿ: ಎರಡು ಹೊಲ ದಾಟಿ.

ಮೇಡಂ: ಆ ಇಬ್ಬರನ್ನೂ ಕರ್ಕೊಂಡೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಕಾಲುವೆ ಹಳ್ಳದ ತನಕ ಹೋಗಲೇಬೇಕು, ಅರ್ಧಕ್ಕೆ ಬಿಟ್ರೆ ಕೊರಕಲು ಅವರ ಹೊಲದಲ್ಲಿ ಶುರುವಾಗುತ್ತೆ. ಅಲ್ಲೀತನಕ ಕೊರಕಲಿನ ತಲೆಗೆ ಮೇಲಿನ ನೀರು ಬೀಳದ ಹಾಗೆ ತಿರುಗಿಸಿ. ಆ ತೂತನ್ನ ಬರೇ ಮಣ್ಣು ತುರುಕಿ ಮುಚ್ಚಬೇಡಿ, ಅಗೆದು ತೆಗೆದು ಪದರಪದರವಾಗಿ ದಮ್ಮಸ್ ಮಾಡಿ.

ತೀರ್ಥಹಳ್ಳಿ: ನನ್ನ ಪ್ರಶ್ನೆ?

ಅಡ್ಮಿನ್: ಮೇಡಂ ಹೊರಟರು. ಗ್ರೂಪ್ ಬೆಳಗ್ಗೆವರೆಗೆ ಲಾಕ್.