ಮಿಲಿಟರಿ ‘ಫೀಲ್ಡ್ ಡೆಸ್ಕ್’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ಹಳೇಸಾಗವಾನಿ, ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಹಳೆ ಕುರ್ಚಿ, ಮೇಜು, ಕಪಾಟು ರಿಪೇರಿ ಮಾಡುವ ಕೆಲಸ ನನ್ನದು. ಧಾರವಾಡದಲ್ಲಿ ಒಂದು ಸಣ್ಣ ಪ್ರದರ್ಶನಕ್ಕೆ ಬ್ರಿಟಿಷರ ಕಾಲದ ಮಿಲಿಟರಿ ಫೀಲ್ಡ್ ಡೆಸ್ಕ್ ಕಳಿಸಬೇಕು. ಬೋರ್ಡು ಕನ್ನಡದಲ್ಲೇ ಇರಲಿ ಅಂದಿದ್ದಾರೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ. ಫೋನಿನಲ್ಲಿ ಹಾಕಿ ನೋಡಿದೆ, ‘ಹೊಲದ ಮೇಜು’ ಅಂತ ಬಂತು. ಇದಕ್ಕೆ ಕ್ಯಾಂಪೇನ್ ಡೆಸ್ಕ್ ಅಂತಲೂ ಅನ್ನುತ್ತಾರೆ. ಅದನ್ನು ಹಾಕಿದರೆ ‘ಪ್ರಚಾರದ ಮೇಜು’! ಎಲೆಕ್ಷನ್ನಿಗೆ ನಿಂತ ಹಾಗಾಯಿತು.

ಸಾಮಾನು ಹೀಗಿದೆ. ಮರ ಸಾಗವಾನಿ. ಮುಚ್ಚಿದರೆ ಪೆಟ್ಟಿಗೆ. ಮುಂದಿನ ಹಲಗೆ ಇಳಿಸಿದರೆ ಅದೇ ಬರೆಯುವ ಜಾಗ, ಒಳಗೆ ಕಾಗದಕ್ಕೆ ಸಣ್ಣ ಖಾನೆಗಳು. ಕಾಲುಗಳನ್ನು ತಿರುಗಿಸಿ ಬಿಚ್ಚಬಹುದು. ಮೂಲೆಗೆಲ್ಲ ಹಿತ್ತಾಳೆ ಪಟ್ಟಿ. ಹಿಡಿಕೆಗಳು ಮರದೊಳಗೇ ಹುದುಗಿವೆ, ಬಂಡಿಗೆ ಹೇರಿದಾಗ ಒಂದಕ್ಕೊಂದು ಸಿಕ್ಕಬಾರದು ಅಂತ.

ತಿಳಿಗನ್ನಡ:
ಬೀಡುಮಣೆ. ಬೀಡು ನಮ್ಮದು, ಮಣೆ ನಮ್ಮದು. ಇದರಲ್ಲಿ ಚರ್ಚೆ ಏನಿದೆ?

ಗದುಗಿನ ಮೇಷ್ಟ್ರು:
ಮಣೆ ಮೇಲೆ ಕೂರುತ್ತಾರೆ ರೀ, ಬರೆಯುವುದಿಲ್ಲ. ಬೋರ್ಡು ಓದಿದವರು ಊಟಕ್ಕೆ ಕೂತಾರು. ನನ್ನ ಸಲಹೆ: ‘ಸೈನಿಕ ಲೇಖನಪೀಠ’.

ತಿಳಿಗನ್ನಡ:
ಅಳಗುಳಿಮಣೆ ಮೇಲೆ ಯಾರು ಕೂರುತ್ತಾರೆ ಮೇಷ್ಟ್ರೇ? ಇನ್ನು ಪೀಠ ಅಂದ ಕೂಡಲೇ ಹುಬ್ಬಳ್ಳಿಯವರಿಗೆ ಮೂರುಸಾವಿರ ಮಠ ನೆನಪಾಗುತ್ತದೆ.

ನಿವೃತ್ತ ಕಾರಕೂನ, ಹಾವೇರಿ:
ಸಾಹೇಬರು ಟೂರ್ ಹೋದಲ್ಲಿಂದ ಕಾಗದ ಬರೆದರೆ ಮೇಲೆ ‘ಮುಕ್ಕಾಂ’ ಅಂತ ಹಾಕಿ ಊರಿನ ಹೆಸರು ಬರೆಯುವ ಪದ್ಧತಿ. ನಮ್ಮ ಕಡೆ ವಿಳಾಸದಲ್ಲಿ ‘ಮು. ಪೋ.’ (ಮುಕ್ಕಾಂ ಪೋಸ್ಟ್) ಇನ್ನೂ ಹೋಗಿಲ್ಲ. ಹೋದಲ್ಲಿ ಇಳಿದು, ಪೆಟ್ಟಿಗೆ ಬಿಚ್ಚಿ, ಅಲ್ಲೇ ಕಚೇರಿ ನಡೆಸುವುದೇ ಈ ಡೆಸ್ಕಿನ ಕೆಲಸ ಅಲ್ವಾ? ‘ಮುಕ್ಕಾಂ ಮೇಜು’ ಅನ್ನಿ.

ತಿಳಿಗನ್ನಡ:
ಮುಕ್ಕಾಂ ಅರಬ್ಬಿ. ಬೇಡ.

ನಿವೃತ್ತ ಕಾರಕೂನ, ಹಾವೇರಿ:
ಕುರ್ಚಿಯೂ ಅರಬ್ಬಿ. ಚಾವಿ, ಬಿಜಾಗರಿ ಎರಡೂ ಪೋರ್ಚುಗೀಸರಿಂದ ಬಂದವು. ಇವನ್ನೆಲ್ಲ ವಾಪಸ್ ಕೊಟ್ಟರೆ ಆ ಡೆಸ್ಕಿನ ಬಾಗಿಲು ತೆರೆಯುವುದು ಹೇಗೆ? ಮುಂಬಯಿ ಪ್ರಾಂತ್ಯದಲ್ಲಿದ್ದ ಸೀಮೆ ನಮ್ಮದು. ಕಚೇರಿ, ಕಾರಕೂನ, ಖಾನೆ, ಮುಕ್ಕಾಂ ಎಲ್ಲ ನಮ್ಮ ಅಜ್ಜಂದಿರು ಆಡಿದ ಮಾತು. 1956ರಲ್ಲಿ ಗಡಿ ಬದಲಾಯಿತು, ನಾಲಿಗೆ ಬದಲಾಗಲಿಲ್ಲ.

ಗದುಗಿನ ಮೇಷ್ಟ್ರು:
ಮೇಜು ಮಾತ್ರ ಪಾರಸಿ. ಪೋರ್ಚುಗೀಸ್ ಪಟ್ಟಿಗೆ ಅದನ್ನೂ ಸೇರಿಸಬೇಡಿ. ಕಪಾಟಂತೂ ಶುದ್ಧ ಸಂಸ್ಕೃತ.

ನಿವೃತ್ತ ಕಾರಕೂನ, ಹಾವೇರಿ:
ಮೇಜನ್ನು ನಾನು ಸೇರಿಸಲೇ ಇಲ್ಲ. ಸಂಸ್ಕೃತದಲ್ಲಿ ಕಪಾಟ ಅಂದರೆ ಬಾಗಿಲು. ನಿಮ್ಮ ಮನೆಯಲ್ಲಿ ಬಾಗಿಲೊಳಗೆ ಬಟ್ಟೆ ಇಡುತ್ತೀರಾ? ಅದು ಇಂಗ್ಲಿಷಿನ ಕಬರ್ಡಿನಿಂದ ಬಂದದ್ದು.

ರಂದಾ, ಧಾರವಾಡ:
ಜಗಳ ಆಮೇಲೆ ಆಡಿ. ಮೊದಲು ಸಾಮಾನು ಯಾವುದು ಅಂತ ಗೊತ್ತಾಗಬೇಕು. ಸರ್, ಖಾನೆಗಳನ್ನು ಹೊರಗೆ ಎಳೆದು ಹಿಂಬದಿ, ತಳ ನೋಡಿ. ಹಕ್ಕಿಯ ಹೆಜ್ಜೆಯಂಥ ಬಾಣದ ಗುರುತು ಇದ್ದರೆ ಅದು ಬ್ರಿಟಿಷ್ ಸರಕಾರದ ಸಾಮಾನು. ಆಗ ‘ದಂಡಿನ ಮೇಜು’ ಅಂದರೆ ಸರಿ. ಆದರೆ ಆಗಿನ ಅಧಿಕಾರಿಗಳು ಇಂಥ ಮೇಜು, ಮಂಚ, ಪೆಟ್ಟಿಗೆಗಳನ್ನು ಸ್ವಂತ ದುಡ್ಡಿನಲ್ಲೇ ಕೊಳ್ಳುತ್ತಿದ್ದರು. ಹಿತ್ತಾಳೆ ಕಟ್ಟಿದ ಸಾಗವಾನಿ ಡೆಸ್ಕುಗಳು ಜಾಸ್ತಿ ಆ ಥರದವು. ಎರಡನೇ ಮಹಾಯುದ್ಧದ ಅಮೆರಿಕನ್ ಫೀಲ್ಡ್ ಡೆಸ್ಕ್ ಬೇರೆಯೇ, ಪ್ಲೈವುಡ್ಡಿಗೆ ಹಸಿರು ಬಣ್ಣ.

ಸ್ಕ್ರೂ ಒಂದನ್ನು ಬಿಚ್ಚಿ. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದದ್ದು 19ನೇ ಶತಮಾನದ ನಡುವೆ. ಪ್ಲಸ್ ತಲೆಯದು 1930ರ ದಶಕದ್ದು. ಅದು ಇದ್ದರೆ ಯಾರೋ ಆಮೇಲೆ ಹಾಕಿದ್ದು, ಇಲ್ಲಾ ಡೆಸ್ಕೇ ಹೊಸದು. ಪಟ್ಟಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣಕ್ಕೆ ಹಿತ್ತಾಳೆ ಲೇಪ.

ಹಳೇಸಾಗವಾನಿ, ಹುಬ್ಬಳ್ಳಿ:
ಬಾಣ ಇಲ್ಲ. ಸ್ಕ್ರೂಗಳ ಸೀಳು ಒಂದೇ ಗೆರೆ, ಕೆಲವು ನಡುವಿನಿಂದ ಸರಿದಿವೆ. ಎಡಗಡೆ ಬಿಜಾಗರಿಗೆ ಮಾತ್ರ ಪ್ಲಸ್. ಒಂದು ಮೂಲೆ ಪಟ್ಟಿಗೆ ಅಯಸ್ಕಾಂತ ಅಂಟಿತು, ಉಳಿದವಕ್ಕೆ ಇಲ್ಲ. ಪೂರ್ತಿ ಉಜ್ಜಿ ಹೊಸ ಪಾಲಿಶ್ ಕೊಡಲಾ?

ರಂದಾ, ಧಾರವಾಡ:
ದಯವಿಟ್ಟು ಬೇಡ. ಕಾಣದ ಕಡೆ ಸ್ಪಿರಿಟ್ ಅದ್ದಿದ ಬಟ್ಟೆ ಒತ್ತಿ. ಪಾಲಿಶ್ ಕರಗಿ ಅಂಟಂಟಾದರೆ ಅದು ಅರಗಿನದು. ಮೇಲಿನ ಕೊಳೆ ತೆಗೆದು, ಅರಗಿನ ಪಾಲಿಶ್ಶನ್ನೇ ತೆಳ್ಳಗೆ ಕೊಟ್ಟರೆ ಸಾಕು. ಹಲಗೆಯ ಮೇಲೆ ಮಸಿ ಕಲೆ ಇದ್ದರೆ ಇರಲಿ ಬಿಡಿ, ಬರೆಯುವ ಮೇಜು ಅನ್ನುವುದಕ್ಕೆ ಅದೇ ಸಾಕ್ಷಿ. ಹಿತ್ತಾಳೆಯನ್ನು ಫಳಫಳ ಮಾಡಬೇಡಿ. ಹುಣಸೆಹಣ್ಣು ಹಚ್ಚಲೇಬೇಡಿ, ಹುಳಿ ಮರಕ್ಕೆ ಇಳಿಯುತ್ತದೆ. ಆ ಒಂದು ಕಬ್ಬಿಣದ ಪಟ್ಟಿ ಬದಲಾಯಿಸಿ, ಬದಲಾಯಿಸಿದ್ದು ಅಂತ ಒಳಗೆ ಚೀಟಿ ಅಂಟಿಸಿ.

ಹೆಸರಿನ ವಿಷಯಕ್ಕೆ: ಬಾಣ ಇಲ್ಲದ ಮೇಲೆ ನನ್ನ ‘ದಂಡಿನ ಮೇಜು’ ವಾಪಸ್. ಮುಕ್ಕಾಂ ಚೆನ್ನಾಗಿದೆ.

ತಿಳಿಗನ್ನಡ:
ಅಂದರೆ ಬಡಗಿ ಹೇಳಿದ್ದೇ ವ್ಯಾಕರಣ.

ರಂದಾ, ಧಾರವಾಡ:
ಹೌದು. ಮೇಜು ಮಾಡುವವನು ನಾನು.

ಗದುಗಿನ ಮೇಷ್ಟ್ರು:
ಇಂಥ ಮಡಿಚುವ ಸಾಮಾನಿನಲ್ಲೇ ‘ರೂರ್ಕಿ ಕುರ್ಚಿ’ ಅಂತ ಒಂದಿದೆ. ದಂಡು ಇದ್ದ ಊರಿನ ಹೆಸರೇ ಕುರ್ಚಿಗೆ ಬಂತು. ಹಾಗೆ ‘ಬೆಳಗಾವಿ ಮೇಜು’ ಅನ್ನಬಹುದಿತ್ತು.

ಹಳೇಸಾಗವಾನಿ, ಹುಬ್ಬಳ್ಳಿ:
ನನಗೆ ಸಿಕ್ಕಿದ್ದು ಬೆಳಗಾವಿಯಲ್ಲಿ ಅಲ್ಲ ಸರ್, ಸುಮ್ನೆ ಊರಿನ ಹೆಸರು ಹಾಕಿದರೆ ಸುಳ್ಳಾಗುತ್ತದೆ. ಪೇಂಟರ್ ಬಂದು ಹೋದ. ಮೇಲೆ ದೊಡ್ಡದಾಗಿ ‘ಮುಕ್ಕಾಂ ಮೇಜು’. ಕೆಳಗೆ ಸಣ್ಣಕ್ಷರದಲ್ಲಿ ‘ಬ್ರಿಟಿಷ್ ಸೇನಾಧಿಕಾರಿಗಳು ಬೀಡು ಬಿಟ್ಟಲ್ಲಿ ಬಿಚ್ಚಿ ಬಳಸುತ್ತಿದ್ದ ಬರೆಯುವ ಮೇಜು’. ಎಲ್ಲರಿಗೂ ಥ್ಯಾಂಕ್ಸ್.

ತಿಳಿಗನ್ನಡ:
ಮುಕ್ಕಾಂ ಅಂದರೆ ಏನು ಅಂತ ತಿಳಿಸಲು ಕೆಳಗೆ ‘ಬೀಡು’ ಬೇಕಾಯಿತು, ನೋಡಿ.

ನಿವೃತ್ತ ಕಾರಕೂನ, ಹಾವೇರಿ:
ಅದು ಬೆಂಗಳೂರಿನಿಂದ ಬರುವವರಿಗಾಗಿ.